ನಾಟಕದ ಕಂಠ

2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಹಾಸನದ ಪಕ್ಕದ ನಮ್ಮ ಬೂವನಹಳ್ಳಿಯನ್ನು ಈಗ ಹೊರಗಿನವರು ವಿಮಾನ ನಿಲ್ದಾಣದ ಊರು ಎಂದು ಗುರುತಿಸುತ್ತಾರೆ. ಆಗ ಅದು ಆಲೂಗಡ್ಡೆ, ರಾಗಿ, ಜೋಳದ ಊರು, ಅಷ್ಟೆ. ಮುಂಗಾರಿನ ಮೊದಲ ಮಳೆಗೆ ಆಲೂಗಡ್ಡೆ ಹಾಕುವವರು ಏಪ್ರಿಲ್‌ನಲ್ಲಿ ಬಿತ್ತನೆಗಡ್ಡೆಯ ಚಿಂತೆಯಲ್ಲಿರುತ್ತಾರೆ. ಆ ವಾರ ಮಾತ್ರ ನಮ್ಮ ಮನೆಯಲ್ಲಿ ಯಾರೂ ಬಿತ್ತನೆಯ ಮಾತೆತ್ತಲಿಲ್ಲ. ಬಸ್ಸು ನಿಂತಿದ್ದವು, ಅಂಗಡಿ ಮುಚ್ಚಿದ್ದವು. ನಡುಮನೆಯ ಟಿವಿಯೊಂದು ಬೆಳಗಿನಿಂದ ರಾತ್ರಿಯವರೆಗೆ ಓಡುತ್ತಲೇ ಇತ್ತು.

ಎರಡೋ ಮೂರೋ ದಿನ ಕಳೆದ ಮೇಲೆ ಒಂದು ಸಂಜೆ ‘ಜೀವನ ಚೈತ್ರ’ದ ‘ನಾದಮಯ’ ಹಾಡು ಬಂತು. ನಡುಮನೆಯಲ್ಲಿ ಹತ್ತು ಹದಿನೈದು ಜನ ಇದ್ದರು. ತಾತ ಗೋಡೆಗೆ ಒರಗಿ ಕೂತಿದ್ದರು. ಅವರ ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು. ಅಭಿಮಾನಿಗಳ ಸಂಘದಲ್ಲಿದ್ದ ಚಿಕ್ಕಪ್ಪ ಬಾಗಿಲ ಬಳಿ ನಿಂತಿದ್ದರು. ನಮ್ಮ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದ ಹೈಸ್ಕೂಲ್ ಮೇಡಂ ಕೂಡ ಬಂದಿದ್ದರು. ಅವರು ಕರ್ನಾಟಕ ಸಂಗೀತದಲ್ಲಿ ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆ ಪಾಸು ಮಾಡಿದ್ದವರು. ಹಾಡು ಮುಗಿಯುವವರೆಗೆ ಯಾರೂ ಉಸಿರೆತ್ತಲಿಲ್ಲ. ಮುಗಿದ ಮೇಲೆ ಮೇಡಂ ಮೆಲ್ಲಗೆ, “ಅಣ್ಣಾವ್ರು ಬಹಳ ಚೆನ್ನಾಗಿ ಹಾಡಿದಾರೆ. ಆದ್ರೆ ಇದನ್ನ ಶಾಸ್ತ್ರೀಯ ಸಂಗೀತ ಅನ್ನೋಕಾಗಲ್ಲ” ಅಂದರು.

ಅಲ್ಲಿಗೆ ಶುರುವಾಯಿತು. “ಹಂಗಾದ್ರೆ ಡೆಲ್ಲಿಯವರು ಸುಮ್ನೆ ಕೊಟ್ರಾ ಮೇಡಂ ಪ್ರಶಸ್ತಿನಾ?” ಎಂದು ಚಿಕ್ಕಪ್ಪ ಕೇಳಿದರು. 1992ರ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ರಾಜ್‌ಕುಮಾರ್ ಅವರಿಗೆ ಬಂದದ್ದು ಇದೇ ಹಾಡಿಗೆ. “ಇದು ತೋಡಿ ಕಣಮ್ಮ, ತೋಡಿ. ತೋಡಿ ಹಾಡೋದು ಅಂದ್ರೆ ಹುಡುಗಾಟ್ವಾ?” ಎಂದರು ಮೇಷ್ಟ್ರು. “ನಾವು ಕಲ್ತಿರೋ ತೋಡಿ ಹೀಗಿಲ್ಲ ಮೇಷ್ಟ್ರೇ” ಎಂದು ಮೇಡಂ ಅಂದಾಗ ಮೇಷ್ಟ್ರ ಮುಖ ಕೆಂಪಗಾಯಿತು. ಪೆಟ್ಟಿಗೆ ತರಿಸಿದರು. ನಮ್ಮೂರ ಕಡೆ ಹಾರ್ಮೋನಿಯಂಗೆ ಪೆಟ್ಟಿಗೆ ಅಂತಲೇ ಅನ್ನುವುದು. ಹಾಡಿನ ಸಾಲುಗಳನ್ನು ಮನೆ ಮೇಲೆ ಒತ್ತಿ ತೋರಿಸಿದರು. ಮೇಡಂ ತಾವು ಕಲಿತ ತೋಡಿಯನ್ನು ಸಣ್ಣ ದನಿಯಲ್ಲಿ ಹಾಡಿ ತೋರಿಸಿದರು. ಎರಡೂ ಬೇರೆ ಬೇರೆ ಎನ್ನುವುದು ಒಂಬತ್ತು ವರ್ಷದ ನನಗೂ ಕೇಳಿಸಿತು. ಯಾರದು ಸರಿ ಎನ್ನುವುದು ಮಾತ್ರ ಇತ್ಯರ್ಥವಾಗಲಿಲ್ಲ.

ತಾತ ಕೊನೆಯವರೆಗೂ ಸುಮ್ಮನಿದ್ದರು. ಊಟಕ್ಕೆ ಏಳುವಾಗ ಅವರು ಹೇಳಿದ್ದು ಒಂದೇ ಮಾತು: “ಅದು ನಾಟಕದ ಕಂಠ. ಅದ್ಕೇ ನಿಂತದೆ.”

ಆ ಮಾತಿನ ಹಿಂದೆ ಏನಿದೆ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ತಾತ ಹರೆಯದಲ್ಲಿ ಊರಿನ ‘ಕುರುಕ್ಷೇತ್ರ’ ನಾಟಕದಲ್ಲಿ ಕೃಷ್ಣನ ಪಾತ್ರ ಮಾಡುತ್ತಿದ್ದರು. ಆ ನಾಟಕದಲ್ಲಿ ಹೆಚ್ಚು ಹಾಡುಗಳಿರುವುದು ಕೃಷ್ಣನಿಗೇ. ಹಾಡಿಕೆ ಇನ್ನೂ ಚೆನ್ನಾಗಿ ಕಲಿಯಬೇಕೆಂದು ಒಮ್ಮೆ ಪೇಟೆಯಲ್ಲಿ ಸಂಗೀತ ಹೇಳಿಕೊಡುವ ಒಬ್ಬರ ಬಳಿ ಹೋಗಿದ್ದರಂತೆ. ಅವರು ಒಂದು ಹಾಡು ಹೇಳಿಸಿ ಕೇಳಿ, “ನಿಮ್ಮದು ನಾಟಕದ ಕಂಠ. ಇದಕ್ಕೆ ಬರೋದಿಲ್ಲ” ಎಂದು ಕಳಿಸಿದರಂತೆ. ಅಜ್ಜಿ ಇದನ್ನು ನನಗೆ ಹೇಳಿದ್ದು ತಾತ ತೀರಿಕೊಂಡ ಮೇಲೆ. ಅಂದರೆ ಆ ಸಂಜೆ ತಾತ ತಮಗೆ ಬಿದ್ದ ಏಟನ್ನೇ ತಿರುಗಿಸಿ ರಾಜ್‌ಕುಮಾರ್ ಅವರಿಗೆ ಬಿರುದಾಗಿ ಕೊಟ್ಟಿದ್ದರು.

ಈಗ ನಾನು ಪಿಎಚ್.ಡಿ. ಮಾಡುತ್ತಿರುವುದು ಹಳೇ ಮೈಸೂರು ಸೀಮೆಯ ಕಂಪನಿ ನಾಟಕಗಳ ಸಂಗೀತದ ಬಗ್ಗೆ. ಸಂಶೋಧನೆಯ ಪ್ರಸ್ತಾವನೆ ಒಪ್ಪಿಸಿದ ದಿನ ಸಮಿತಿಯಲ್ಲಿದ್ದ ಹಿರಿಯರೊಬ್ಬರು, “ಇದು ಸಂಗೀತದ ಚರಿತ್ರೆಯೋ, ಅಭಿಮಾನಿಗಳ ಚರಿತ್ರೆಯೋ?” ಎಂದು ಕೇಳಿದರು. ಉಳಿದವರು ನಕ್ಕರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆಯುತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಿನಿಮಾ ಹಾಡುಗಾರ ಶಾಸ್ತ್ರೀಯ ಸಂಗೀತಕ್ಕೆ ಕೈ ಹಾಕಿದಾಗ ಏಳುವ ಈ ಜಗಳ ನಮ್ಮಲ್ಲಿ ಮಾತ್ರ ಇರುವಂಥದ್ದಲ್ಲ. 2010ರಲ್ಲಿ ಇಂಗ್ಲೆಂಡಿನ ಐಟಿವಿ ವಾಹಿನಿ ‘ಪಾಪ್‌ಸ್ಟಾರ್ ಟು ಆಪೆರಾಸ್ಟಾರ್’ ಎಂಬ ಸ್ಪರ್ಧೆ ನಡೆಸಿತು. ಹೆಸರು ಮಾಡಿದ ಪಾಪ್ ಗಾಯಕರನ್ನು ಕರೆತಂದು, ಆಪೆರಾ ಗಾಯಕರಿಂದ ತರಬೇತಿ ಕೊಡಿಸಿ, ವಾರ ವಾರ ಆಪೆರಾ ಹಾಡುಗಳನ್ನು ಹಾಡಿಸುವುದು. ಜನ ಮತ ಹಾಕುವುದು. ಮೊದಲ ಸಲ ಗೆದ್ದವರು ಡೇರಿಯಸ್ ಕ್ಯಾಂಪ್‌ಬೆಲ್. ಅಲ್ಲಿನ ಲೆಕ್ಕಾಚಾರ ಸ್ಪಷ್ಟ. ಪಾಪ್ ಒಂದು ಮನೆ, ಆಪೆರಾ ಇನ್ನೊಂದು ಮನೆ. ಪಾಪ್ ಕಂಠ ಮೈಕಿನ ಜೊತೆ ಬೆಳೆದದ್ದು. ಆಪೆರಾ ಕಂಠ ಮೈಕಿಲ್ಲದೆ, ಮುಂದೆ ಕೂತ ವಾದ್ಯವೃಂದವನ್ನೂ ದಾಟಿ ರಂಗಮಂದಿರದ ಕೊನೆಯ ಸಾಲಿಗೆ ಮುಟ್ಟಬೇಕು. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ಹಾಗಾಗಿ ಈ ಮನೆಯವನು ಆ ಮನೆಗೆ ಹೋಗಿ ಬದುಕಿ ಬಂದಾನೆಯೇ ಎನ್ನುವುದೇ ಆಟ.

ಇದೇ ಅಳತೆಯನ್ನು ನಮ್ಮ ನಡುಮನೆಯ ಜಗಳಕ್ಕೆ ಹಿಡಿದು ನೋಡಿದರೆ ಲೆಕ್ಕ ತಿರುವುಮುರುವಾಗುತ್ತದೆ. ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳುವಂತೆ ಹಾಡಲು ಕಲಿತವರು ನಮ್ಮಲ್ಲಿ ಯಾರು? ಕಂಪನಿ ನಾಟಕದವರು. ತಗಡಿನ ಥಿಯೇಟರಿನಲ್ಲಿ, ಡೇರೆಯಲ್ಲಿ, ಜಾತ್ರೆಯ ಗದ್ದಲದ ನಡುವೆ, ಪೆಟ್ಟಿಗೆ ತಬಲಾಗಳ ಸದ್ದನ್ನು ಮೀರಿ, ನಾಲ್ಕಾಣೆ ಕೊಟ್ಟು ಹಿಂದೆ ನೆಲದ ಮೇಲೆ ಕೂತವನಿಗೂ ಪದ ಬಿಡಿಬಿಡಿಯಾಗಿ ಕೇಳುವಂತೆ ರಾತ್ರಿಯಿಡೀ ಹಾಡುವವರು. ತಾತ ಹೇಳಿದ ‘ನಾಟಕದ ಕಂಠ’ ಅಂದರೆ ಇದು.

ಆ ಕಂಠ ಹಾಡುತ್ತಿದ್ದುದು ಯಾವ ಸಂಗೀತವನ್ನು? ಹಳೆಯ ನಾಟಕದ ಪುಸ್ತಕಗಳನ್ನು ತೆರೆದರೆ ಪ್ರತಿ ಹಾಡಿನ ನೆತ್ತಿಯ ಮೇಲೆ ರಾಗ, ತಾಳ ಅಚ್ಚಾಗಿರುತ್ತವೆ. ಕೆಲವು ಕಡೆ ಯಾವ ಹಾಡಿನ ಮಟ್ಟು ಎಂದೂ ಇರುತ್ತದೆ. 20ನೇ ಶತಮಾನದ ಆರಂಭದಲ್ಲಿ ಮೈಸೂರಿನ ಎ.ವಿ. ವರದಾಚಾರ್ಯರು ರಂಗದ ಮೇಲೆ ಕಂದಪದ್ಯಗಳನ್ನು ರಾಗವಾಗಿ ಹಾಡುವುದನ್ನು ಕೇಳಲೆಂದೇ ಜನ ನಾಟಕಕ್ಕೆ ಹೋಗುತ್ತಿದ್ದರು. ಅವರ ಹಾಡುಗಳು ಗ್ರಾಮಫೋನ್ ತಟ್ಟೆಗಳಾಗಿಯೂ ಬಂದವು. ಕಥೆ ಎಲ್ಲರಿಗೂ ಗೊತ್ತಿರುವುದೇ. ಆದ್ದರಿಂದ ಅದನ್ನು ನಡುವೆ ನಿಲ್ಲಿಸಿ ರಾಗವನ್ನು ಬೆಳೆಸಿದರೆ ಯಾರಿಗೂ ಬೇಸರವಿರಲಿಲ್ಲ. ಬದಲಿಗೆ ‘ವನ್ಸ್ ಮೋರ್’ ಬೀಳುತ್ತಿತ್ತು. ಸಭೆಗೆ ಎಂದೂ ಕಾಲಿಡದವನು ಕಲ್ಯಾಣಿ, ಮೋಹನಗಳ ಗುರುತು ಹಿಡಿಯಲು ಕಲಿತದ್ದು ಹೀಗೆ.

ವಿದ್ವಾಂಸರು ಎಂದು ನಾವು ಕರೆಯುವವರೂ ಈ ರಂಗದಿಂದ ದೂರವಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ಅಣ್ಣ ಬಸವರಾಜರ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು. ಅಲ್ಲಿ ಅವರ ಹಾಡು ಕೇಳಿದ ಅಪ್ಪಯ್ಯಸ್ವಾಮಿಗಳು ಕರೆದುಕೊಂಡು ಹೋಗಿ ಕರ್ನಾಟಕ ಸಂಗೀತದ ಪಾಠ ಹೇಳಿದರು. ಹಿಂದೂಸ್ತಾನಿ ಬಂದದ್ದು ಆಮೇಲೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರಿಗೂ ಗುರುಗಳಾದ ಸವಾಯಿ ಗಂಧರ್ವರು ಮರಾಠಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಆಶ್ರಮದ ಹೊಟ್ಟೆ ತುಂಬಿಸಲು ನೆಚ್ಚಿದ್ದು ನಾಟಕ ಕಂಪನಿಯನ್ನು. ನಾಟಕದ ಟಿಕೆಟ್ಟಿನ ದುಡ್ಡಿನಿಂದ ಖಯಾಲಿನ ಪಾಠ ನಡೆಯಿತು. ಇಂಥ ಕಡೆ ನಾಟಕದ ಕಂಠ ಯಾವುದು, ಶಾಸ್ತ್ರೀಯ ಕಂಠ ಯಾವುದು ಎಂದು ಗೆರೆ ಎಳೆಯುವುದು ಹೇಗೆ?

ಆದರೂ ಗೆರೆ ಬಿತ್ತು. ಅದು ಯಾವಾಗ, ಹೇಗೆ ಎನ್ನುವುದೇ ನನ್ನ ಪ್ರಬಂಧದ ಒಂದು ಅಧ್ಯಾಯ. ಅದಕ್ಕೆ ಕಾರಣ ಒಂದಲ್ಲ. ಪರೀಕ್ಷೆ, ಪಠ್ಯಕ್ರಮ, ಸಂಗೀತ ಸಭೆ ಎಲ್ಲವೂ ಸೇರಿವೆ. ನಮ್ಮೂರಿನಂಥ ಊರುಗಳ ಮಟ್ಟಿಗೆ ದೊಡ್ಡ ಕಾರಣ ರೇಡಿಯೊ ಎಂದು ನನಗೆ ಅನ್ನಿಸುತ್ತದೆ. 1940ರ ಮಾರ್ಚ್‌ನಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಅದರ ಮನೆಗಳ ಶ್ರುತಿ ಗಟ್ಟಿಯಾಗಿ ಕೂತಿರುತ್ತದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ, ಆದ್ದರಿಂದ ನಮ್ಮ ರಾಗಗಳಿಗೆ ಅದು ಒಗ್ಗದು ಎನ್ನುವುದು ಕಾರಣ. ಕಾರಣ ಸುಳ್ಳಲ್ಲ. ಮೇಡಂ ಹಾಡಿದ ತೋಡಿಯ ಗಾಂಧಾರ ತೂಗಾಡುತ್ತಿತ್ತು. ಮೇಷ್ಟ್ರು ಒತ್ತಿದ ಮನೆಯಲ್ಲಿ ಅದು ನೇರ ನಿಂತಿತ್ತು. ಆದರೆ ನಿಷೇಧ ಬಿದ್ದದ್ದು ಒಂದು ವಾದ್ಯದ ಮೇಲಷ್ಟೇ ಅಲ್ಲ. ಹಳ್ಳಿಹಳ್ಳಿಗೆ ಆ ವಾದ್ಯವನ್ನು ಹೊತ್ತು ತಿರುಗಿ ಹಾಡು ಕಲಿಸುತ್ತಿದ್ದ ಮೇಷ್ಟ್ರುಗಳ ವಿದ್ಯೆಯ ಮೇಲೂ ಬಿತ್ತು. ನಿಷೇಧ ಸಡಿಲವಾಗಿದ್ದು 1970ರ ದಶಕದ ಆರಂಭದಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಜನರ ಅಭಿರುಚಿ ತಿದ್ದಬೇಕೆಂದು ಸಿನಿಮಾ ಹಾಡುಗಳನ್ನು ರೇಡಿಯೊದಿಂದ ಹೊರಗಟ್ಟಿದರು. ಜನ ಅಭಿರುಚಿ ತಿದ್ದಿಕೊಳ್ಳುವ ಬದಲು ರೇಡಿಯೊ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಶುರುವಾದದ್ದು ಅವರನ್ನು ವಾಪಸು ಕರೆತರುವುದಕ್ಕೆ. ಅಷ್ಟರೊಳಗೆ ಶಾಸ್ತ್ರೀಯಕ್ಕೆ ಒಂದು ಹೊತ್ತು, ಸಿನಿಮಾಕ್ಕೆ ಒಂದು ಹೊತ್ತು, ಕಲಾವಿದರಿಗೆ ಧ್ವನಿ ಪರೀಕ್ಷೆ, ದರ್ಜೆ ಎಲ್ಲ ಗಟ್ಟಿಯಾಗಿತ್ತು. ಈ ಯಾವ ಕಪಾಟಿನಲ್ಲೂ ನಾಟಕದ ಕಂಠಕ್ಕೆ ಸಲೀಸಾದ ಜಾಗವಿರಲಿಲ್ಲ.

ರೇಡಿಯೊವನ್ನು ಬರಿಯ ಗೋಡೆ ಎಂದು ಬರೆದರೆ ತಪ್ಪಾಗುತ್ತದೆ. ನಮ್ಮದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ಮೇಲೆ ರುದ್ರಪಟ್ಟಣ ಇದೆ. ಸಣ್ಣ ಊರು, ಸಂಕೇತಿಗಳ ಅಗ್ರಹಾರ. ಅಲ್ಲಿಂದ ಬಂದ ಸಂಗೀತಗಾರರ ಪಟ್ಟಿ ದೊಡ್ಡದು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ದೀರ್ಘಕಾಲ ಆಕಾಶವಾಣಿಯಲ್ಲಿ ಕೆಲಸ ಮಾಡಿ, ಮುಂದೆ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ, ಪದ್ಮಭೂಷಣ ಗೌರವಗಳನ್ನು ಪಡೆದವರು. ಅವರು ರೇಡಿಯೊದಲ್ಲಿ ಸಂಗೀತ ಪಾಠ ಹೇಳಿದ್ದಾರೆ. ಗುರುವಿನ ಮನೆಯ ಮೆಟ್ಟಿಲು ಹತ್ತಲಾಗದವನೂ ಪಂಚಾಯ್ತಿ ರೇಡಿಯೊ ಮುಂದೆ ಕೂತು ಕೇಳಬಹುದಾಗಿತ್ತು. ನಮ್ಮ ಹಾರ್ಮೋನಿಯಂ ಮೇಷ್ಟ್ರು ಹಾಗೆ ಕದ್ದು ಕಲಿತವರೇ. ಯಾವ ಸಂಸ್ಥೆ ಅವರ ಪೆಟ್ಟಿಗೆಯನ್ನು ಹೊರಗಿಟ್ಟಿತ್ತೋ ಅದೇ ಅವರಿಗೆ ಸ್ವರ ಕಲಿಸಿತ್ತು.

ಈಗ ರಾಜ್‌ಕುಮಾರ್ ವಿಷಯಕ್ಕೆ ಬರುತ್ತೇನೆ. 1929ರಲ್ಲಿ ಹುಟ್ಟಿದ ಗಾಜನೂರಿನ ಮುತ್ತುರಾಜ ಶಾಲೆಯನ್ನು ಬೇಗ ಬಿಟ್ಟವರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕದ ನಟರು. ಹುಡುಗ ಬೆಳೆದದ್ದು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ. ಹಾಡು ಬರದಿದ್ದರೆ ಅಲ್ಲಿ ಮುಖ್ಯ ಪಾತ್ರ ಸಿಕ್ಕುವಂತಿರಲಿಲ್ಲ. ಅಂದರೆ ಆಮೇಲೆ ಜನ ಕಂಡ ‘ನಟ’ ಮೊದಲಿನಿಂದಲೂ ಹಾಡುವ ನಟನೇ.

1954ರಲ್ಲಿ ‘ಬೇಡರ ಕಣ್ಣಪ್ಪ’ದ ಮೂಲಕ ಅವರು ಸಿನಿಮಾಕ್ಕೆ ಬಂದಾಗ ಹಿನ್ನೆಲೆ ಗಾಯನ ಗಟ್ಟಿಯಾಗಿ ನೆಲೆಯೂರಿತ್ತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂದಾಗ ಪಾತ್ರ ಮಾಡಿದವರೇ ಹಾಡಬೇಕಿತ್ತು. ಇಪ್ಪತ್ತು ವರ್ಷದಲ್ಲಿ ಮುಖ ಒಬ್ಬರದು, ದನಿ ಇನ್ನೊಬ್ಬರದು ಆಗಿತ್ತು. ಹಾಡಲೆಂದೇ ಬೆಳೆದ ಹುಡುಗ ಸಿನಿಮಾದಲ್ಲಿ ತುಟಿ ಆಡಿಸಲು ಕಲಿತ. ಆಗೊಂದು ಈಗೊಂದು ಹಾಡು ಬಿಟ್ಟರೆ ಇಪ್ಪತ್ತು ವರ್ಷ ರಾಜ್‌ಕುಮಾರ್ ಮುಖಕ್ಕೆ ಹೆಚ್ಚಾಗಿ ಕೂತದ್ದು ಪಿ.ಬಿ. ಶ್ರೀನಿವಾಸ್ ಅವರ ದನಿ. ಅದೆಷ್ಟು ಚೆನ್ನಾಗಿ ಕೂತಿತೆಂದರೆ ನಮ್ಮಜ್ಜಿ ಕೊನೆಯವರೆಗೂ ಆ ಹಾಡುಗಳನ್ನೆಲ್ಲ ಅಣ್ಣಾವ್ರೇ ಹಾಡಿದ್ದು ಎಂದು ನಂಬಿದ್ದರು.

1966ರಲ್ಲಿ ಅ.ನ.ಕೃ. ಕಾದಂಬರಿ ಆಧರಿಸಿದ ‘ಸಂಧ್ಯಾರಾಗ’ ಬಂತು. ಅದು ಸಂಗೀತಗಾರನ ಕಥೆ, ಅಭಿನಯಿಸಿದ್ದು ರಾಜ್‌ಕುಮಾರ್. ಹಾಡಲು ಭೀಮಸೇನ ಜೋಶಿ, ಎಂ. ಬಾಲಮುರಳಿಕೃಷ್ಣ ಅವರಂಥ ದಿಗ್ಗಜರನ್ನು ಕರೆಸಿದ್ದರು. ಸಿನಿಮಾದಲ್ಲಿ ಶಾಸ್ತ್ರೀಯ ಸಂಗೀತ ಬೇಕೆಂದರೆ ಸಭೆಯಿಂದಲೇ ದನಿ ತರಬೇಕು ಎನ್ನುವುದು ಆಗಿನ ತಿಳಿವಳಿಕೆ. 1975ರಲ್ಲಿ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ಹಾಡಿ ಬಾಲಮುರಳಿಕೃಷ್ಣ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದರು. ವಿದ್ವಾಂಸರು ಸಿನಿಮಾಕ್ಕೆ ಬಂದು ಹಾಡಿದ್ದನ್ನು ಯಾರೂ ‘ಪ್ರಯತ್ನ’ ಎಂದು ಕರೆಯಲಿಲ್ಲ. ಆ ದಿಕ್ಕಿನಲ್ಲಿ ಗೆರೆ ದಾಟಲು ಅಪ್ಪಣೆ ಬೇಕಿರಲಿಲ್ಲ.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತ ನಾಯಕನಿಗೆ ರಾಜ್‌ಕುಮಾರ್ ತಾವೇ ಹಾಡಿದರು. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಅಲ್ಲಿಂದ ಮುಂದೆ ಅವರ ಮುಖಕ್ಕೆ ಅವರದೇ ದನಿ. ಅದಾಗಿ ಹದಿನೆಂಟು ವರ್ಷಕ್ಕೆ, ಅರವತ್ತು ದಾಟಿದ ಮೇಲೆ, ಉಪೇಂದ್ರ ಕುಮಾರ್ ಸಂಗೀತ ಸಂಯೋಜನೆಯಲ್ಲಿ ‘ನಾದಮಯ’ ಹಾಡಿದರು. ಇಪ್ಪತ್ತಾರು ವರ್ಷದ ಹಿಂದೆ ‘ಸಂಧ್ಯಾರಾಗ’ಕ್ಕೆ ಸಭೆಯಿಂದ ದನಿ ತರಿಸಿಕೊಂಡಿದ್ದ ಚಿತ್ರರಂಗ ಈ ಸಲ ನಾಟಕದ ಕಂಠವನ್ನೇ ನೆಚ್ಚಿತು. ಅಭಿಮಾನಿಗಳು ಇದನ್ನು ಅಣ್ಣಾವ್ರ ಹೊಸ ಸಾಹಸ ಎಂದು ಕೊಂಡಾಡಿದರು. ಟೀಕಿಸಿದವರು ಅವರದಲ್ಲದ ಕ್ಷೇತ್ರ ಎಂದರು. ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದರು: ಅವರು ಯಾವುದೋ ಬೇರೆ ಮನೆಗೆ ಹೋಗಿದ್ದಾರೆ ಎಂದು. ಚರಿತ್ರೆ ನೋಡಿದರೆ ಅವರು ಹೋದದ್ದಲ್ಲ, ತಾವು ಹುಟ್ಟಿದ ಮನೆಗೆ ಮರಳಿ ಬಂದದ್ದು. ನಡುವೆ ಬಾಗಿಲಿಗೆ ಬೇರೆಯವರು ಬೀಗ ಹಾಕಿದ್ದರು.

ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಥೆ ಬೇರೆ. ಕ್ರಮವಾಗಿ ಶಾಸ್ತ್ರೀಯ ಸಂಗೀತ ಕಲಿತವನಲ್ಲ ಎಂದು ಅವರೇ ಮತ್ತೆ ಮತ್ತೆ ಹೇಳಿಕೊಂಡಿದ್ದರು. ‘ಶಂಕರಾಭರಣಂ’ಗೆ ಹಾಡಿದಾಗ ಅವರಿಗೆ ಮೊದಲ ರಾಷ್ಟ್ರಪ್ರಶಸ್ತಿ ಬಂತು. 1995ರ ಸಾಲಿನಲ್ಲಿ ಕನ್ನಡದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರಕ್ಕೆ ಹಂಸಲೇಖ ಸಂಯೋಜಿಸಿದ ಹಿಂದೂಸ್ತಾನಿ ಧಾಟಿಯ ಹಾಡಿಗೂ ಬಂತು. ಹಂಸಲೇಖ ಅವರಿಗೂ ಬಂತು. ನಾಟಕದ ದುಡ್ಡಿನಿಂದ ಸಂಗೀತ ಶಾಲೆ ನಡೆಸಿದ ಗುರುವಿನ ಪಾತ್ರಕ್ಕೆ ಶಾಲೆಯಲ್ಲಿ ಕಲಿಯದ ಗಾಯಕನ ದನಿ. 2000ದ ನಂತರ ಈಟಿವಿ ಕನ್ನಡದಲ್ಲಿ ಎಸ್‌ಪಿಬಿ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ನೋಡುತ್ತ ನಾವು ಬೆಳೆದೆವು. ಅಲ್ಲಿ ಅವರು ಮಕ್ಕಳ ಶ್ರುತಿ, ಉಚ್ಚಾರಣೆಯನ್ನು ನಯವಾಗಿ ತಿದ್ದುತ್ತಿದ್ದರು. ಅವರು ತಿದ್ದುವುದನ್ನು ನಮ್ಮ ನಡುಮನೆ ಮತ್ತೆ ತಿದ್ದುತ್ತಿತ್ತು.

ಟಿವಿಯ ಈ ಪಾತ್ರವನ್ನು ನಾನು ಹಗುರವಾಗಿ ಕಾಣಲಾರೆ. ಇನ್‌ಸ್ಯಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ 1982ರಿಂದ ಹಾಸನದಲ್ಲೇ ಇದೆ. ದೊಡ್ಡ ಬಿಳಿ ತಟ್ಟೆಗಳನ್ನು ದೂರದಿಂದ ನೋಡುತ್ತ ನಾವು ಶಾಲೆಗೆ ಹೋದವರು. ದೇಶದ ಮನೆಮನೆಗೆ ಟಿವಿ ತಲುಪಿಸಿದ ಉಪಗ್ರಹಗಳು ನಮ್ಮೂರ ಪಕ್ಕದಿಂದ ಅಪ್ಪಣೆ ಪಡೆಯುತ್ತಿದ್ದವು. ರೇಡಿಯೊ ಹಾಡನ್ನು ಕಪಾಟುಗಳಲ್ಲಿ ಜೋಡಿಸಿಟ್ಟಿದ್ದರೆ, ಟಿವಿ ಅದನ್ನೆಲ್ಲ ನಡುಮನೆಗೆ ಸುರಿಯಿತು. ಅದಕ್ಕಿಂತ ಮುಖ್ಯವಾಗಿ, ಕಲಿತವರನ್ನೂ ಕಲಿಯದವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿತು. ಮೇಡಂ ಹೋಗುತ್ತಿದ್ದ ಸಂಗೀತ ಕಚೇರಿಗೆ ತಾತ ಹೋಗುತ್ತಿರಲಿಲ್ಲ. ತಾತನ ನಾಟಕ ನೋಡಲು ಮೇಡಂ ಬರುತ್ತಿರಲಿಲ್ಲ. ಇಬ್ಬರೂ ಒಂದೇ ಹಾಡನ್ನು ಒಂದೇ ಹೊತ್ತಿಗೆ ಕೇಳಿದ್ದು ಆ ಸಂಜೆ ಮಾತ್ರ. ಜಾತಿಯ ಮಾತು ಅಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಆದರೆ ಯಾರು ಯಾವ ಮನೆಯಲ್ಲಿ ಏನು ಕಲಿಯಬಹುದಾಗಿತ್ತು ಎನ್ನುವುದು ಕೂತವರಿಗೆಲ್ಲ ಗೊತ್ತಿತ್ತು.

ತೋಡಿಯ ಜಗಳ ಏನಾಯಿತು? ಆ ಹಾಡನ್ನು ತೋಡಿಯ ಆಧಾರದ್ದು ಎಂದೇ ಎಲ್ಲರೂ ಹೇಳುವುದು. ಆದರೆ ಅದು ಹಿಂದೂಸ್ತಾನಿ ತೋಡಿ. ಅದನ್ನು ಕರ್ನಾಟಕ ಪದ್ಧತಿಯಲ್ಲಿ ಹುಡುಕಿದರೆ ಸಿಗುವುದು ಶುಭಪಂತುವರಾಳಿಯ ಹತ್ತಿರ. ಮೇಡಂ ಕಲಿತದ್ದು ಹನುಮತೋಡಿ. ಹಿಂದೂಸ್ತಾನಿಯಲ್ಲಿ ಅದರ ಸ್ವರಗಳು ಸಿಗುವುದು ಭೈರವಿಯಲ್ಲಿ. ಎರಡು ತೋಡಿಗಳಿಗೂ ರಿಷಭ, ಗಾಂಧಾರ, ಧೈವತಗಳು ಒಂದೇ. ಮಧ್ಯಮ ಮತ್ತು ನಿಷಾದ ಬೇರೆ. ಒಂದೇ ಹೆಸರಿನ ಎರಡು ರಾಗಗಳ ಮೇಲೆ ಇಬ್ಬರು ಜಗಳವಾಡಿದ್ದರು. ಇಬ್ಬರೂ ಸರಿ ಇದ್ದರು. ನನಗೆ ಇದು ಗೊತ್ತಾಗಿದ್ದು ಎಂ.ಎ. ಓದುವಾಗ. ಆ ಹೊತ್ತಿಗೆ ಮೇಡಂಗೆ ವರ್ಗವಾಗಿತ್ತು, ಮೇಷ್ಟ್ರು ತೀರಿಕೊಂಡಿದ್ದರು.

ಕ್ಷೇತ್ರಕಾರ್ಯಕ್ಕೆಂದು ಕಳೆದ ವರ್ಷ ರುದ್ರಪಟ್ಟಣಕ್ಕೆ ಹೋಗಿದ್ದೆ. ಹಾಸನದಿಂದ ಅರಕಲಗೂಡಿನ ಮೇಲೆ ಬಸ್ಸು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ಅಲ್ಲಿ ತಂಬೂರಿಯ ಆಕಾರದ ಮಂದಿರವಿದೆ; ಪ್ರತಿ ವರ್ಷ ಸಂಗೀತೋತ್ಸವ ನಡೆಯುತ್ತದೆ. ಮನಸ್ಸಿನಲ್ಲಿ ಸ್ವಲ್ಪ ಜಗಳ ಇಟ್ಟುಕೊಂಡೇ ಹೋಗಿದ್ದೆ. ತಾತನನ್ನು ಹಿಂದಕ್ಕೆ ಕಳಿಸಿದ ಮಾತು ಇಂಥ ಕಡೆಯಿಂದಲೇ ಹುಟ್ಟಿರಬೇಕು ಎಂದು ಎಲ್ಲೋ ಒಳಗೆ ಲೆಕ್ಕ ಹಾಕಿದ್ದೆ. ಅಲ್ಲಿ ಜಗಲಿಯ ಮೇಲೆ ಸಿಕ್ಕ ವಯಸ್ಸಾದ ಕೇಳುಗರೊಬ್ಬರಿಗೆ ರಾಜ್‌ಕುಮಾರ್ ಹಾಡಿನ ಬಗ್ಗೆ ಕೇಳಿದೆ.

“ಶ್ರುತಿ ಶುದ್ಧವಾಗಿದೆ ಕಣಮ್ಮ. ಸಾಹಿತ್ಯ ನುಂಗೋದಿಲ್ಲ ಅವರು. ನಮ್ಮಲ್ಲೇ ಎಷ್ಟೋ ಜನ ನುಂಗ್ತಾರೆ” ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, “ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಐದು ನಿಮಿಷದ ಹಾಡಿಗೆ ಊರೆಲ್ಲ ಎದ್ದು ನಿಲ್ಲುತ್ತೆ. ಅದೇ ರಾಗಾನ ಐವತ್ತು ವರ್ಷ ಸಾಧನೆ ಮಾಡಿದವನು ಒಂದು ಗಂಟೆ ಆಲಾಪನೆ ಮಾಡಿದ್ರೆ ಮುಂದೆ ಇಪ್ಪತ್ತು ಜನ ಇರ್ತಾರೆ. ಅದ್ರಲ್ಲಿ ಹತ್ತು ಜನ ನೆಂಟರು” ಎಂದರು.

ನಾನು ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತು ಚುಚ್ಚುತ್ತಿತ್ತು. ರಾಗವನ್ನು ಬರೆದಿಟ್ಟ ಹಾಡಿಲ್ಲದೆ, ಆ ಕ್ಷಣದಲ್ಲೇ ಕಟ್ಟುತ್ತ ಹೋಗುವುದು ಈ ಸಂಗೀತದ ಜೀವ. ಅದು ‘ನಾದಮಯ’ದಲ್ಲಿ ಇಲ್ಲ, ಸಿನಿಮಾ ಹಾಡಿನಲ್ಲಿ ಇರಲು ಸಾಧ್ಯವೂ ಇಲ್ಲ. ಮೇಡಂ ಹೇಳಲು ಹೊರಟದ್ದು ಬಹುಶಃ ಅದನ್ನೇ. ನಮ್ಮವರು ಅದನ್ನು ಅಣ್ಣಾವ್ರಿಗೆ ಮಾಡಿದ ಅವಮಾನ ಎಂದುಕೊಂಡರು. ಆರ್.ಕೆ. ಶ್ರೀಕಂಠನ್ 2014ರವರೆಗೆ ಬದುಕಿದ್ದರು. ತೊಂಬತ್ತು ದಾಟಿದ ಮೇಲೂ ಹಾಡುತ್ತಿದ್ದರು. ಒಂದೇ ಜಿಲ್ಲೆಯವರಾದರೂ ನನ್ನ ತಾತ ಒಂದು ಸಲವೂ ಅವರನ್ನು ಎದುರು ಕೂತು ಕೇಳಲಿಲ್ಲ. ಬಾಗಿಲಲ್ಲಿ ಯಾರೋ ಒಮ್ಮೆ ತಡೆದರೆಂದು ಮತ್ತೆಂದೂ ಆ ಬೀದಿಗೆ ಹೋಗದೆ ಇದ್ದುಬಿಟ್ಟರು. ಗೆರೆ ಎಳೆದವರ ತಪ್ಪು ಎಷ್ಟೇ ಇರಲಿ, ಅದರಿಂದ ಕಳೆದುಕೊಂಡವರು ಎರಡೂ ಕಡೆ ಇದ್ದಾರೆ.

ಹಾಸನಾಂಬ ಕಲಾಕ್ಷೇತ್ರದಲ್ಲಿ ಈಗಲೂ ‘ಕುರುಕ್ಷೇತ್ರ’ ನಡೆಯುತ್ತದೆ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ. ಪಾತ್ರ ಮಾಡುವವರು ರೈತರು, ಬಸ್ ಕಂಡಕ್ಟರುಗಳು, ಮೇಷ್ಟ್ರುಗಳು, ಚಿಕ್ಕ ಗುತ್ತಿಗೆದಾರರು. ಪಾತ್ರಕ್ಕೆ ತಾವೇ ದುಡ್ಡು ಹಾಕಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಹಾಡು ಕಲಿತು ಬರುತ್ತಾರೆ. ಕೊರಳ ಹತ್ತಿರ ಮೈಕು ಇರುತ್ತದೆ, ಆದರೂ ಕೊನೆಯ ಸಾಲಿಗೆ ಕೇಳಬೇಕೆಂದೇ ಹಾಡುತ್ತಾರೆ. ಶ್ರುತಿ ತಪ್ಪುತ್ತದೆ, ತಾಳ ಎಡವುತ್ತದೆ. ಯಾರೋ ಒಬ್ಬರು ಮೋಹನವನ್ನು ಹಿಡಿದು ಮೇಲಿನ ಷಡ್ಜದಲ್ಲಿ ನಿಂತಾಗ ಹಿಂದಿನಿಂದ ಶಿಳ್ಳೆ ಬೀಳುತ್ತದೆ. ಆ ಶಿಳ್ಳೆ ಹೊಡೆದವನಿಗೆ ಷಡ್ಜ ಎಂದರೇನು ಗೊತ್ತಿಲ್ಲದಿರಬಹುದು. ಅದು ಸೇರಿದ್ದು ಮಾತ್ರ ಗೊತ್ತಾಗಿದೆ.

ಸಮಿತಿಯ ಹಿರಿಯರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ. ಹಾಡಿದವರ ಚರಿತ್ರೆ ಬರೆದಷ್ಟೇ ಜತನದಿಂದ ಕೇಳಿ ಜಗಳವಾಡಿದವರ ಚರಿತ್ರೆಯನ್ನೂ ಬರೆಯಬೇಕು. ಯಾವುದು ಸಂಗೀತ, ಯಾರದು ಸಂಗೀತ ಎನ್ನುವುದು ಸಭೆಗಳಲ್ಲಿ ಎಷ್ಟು ತೀರ್ಮಾನವಾಗಿದೆಯೋ ಅಷ್ಟೇ ನಡುಮನೆಗಳಲ್ಲೂ ಆಗಿದೆ. ಅಭಿಮಾನ ಎಷ್ಟೋ ಸಲ ಕುರುಡು. ಆದರೆ ಕೆಲವು ಸಲ ಅದು ಮನುಷ್ಯನನ್ನು ತಾನು ಎಂದೂ ಕೇಳಿರದ ಪ್ರಶ್ನೆಯ ಬಳಿಗೆ ಕರೆದೊಯ್ಯುತ್ತದೆ.

ಇದಕ್ಕೆ ಸಾಕ್ಷಿ ಸಿಕ್ಕಿದ್ದು ನಮ್ಮ ಅಟ್ಟದ ಮೇಲೆ. ಅಜ್ಜಿ ಹೋದ ವರ್ಷ ಮನೆ ರಿಪೇರಿ ಮಾಡಿಸುವಾಗ ತಾತನ ನಾಟಕದ ನೋಟ್‌ಬುಕ್ ಸಿಕ್ಕಿತು. ಉದ್ದ ಗೆರೆಯ ಲೆಕ್ಕದ ಪುಸ್ತಕ, ಅಂಚೆಲ್ಲ ಗೆದ್ದಲು ತಿಂದಿದೆ. ಕೃಷ್ಣನ ಪಾತ್ರದ ಹಾಡುಗಳು ಒಂದೊಂದಾಗಿ ಇವೆ. ಪ್ರತಿ ಹಾಡಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ರಾಗದ ಹೆಸರು: ಕಲ್ಯಾಣಿ, ಮೋಹನ, ಕಾಪಿ, ಭೈರವಿ. ಹಿಂದಿನ ಹಾಳೆಗಳಲ್ಲಿ ಬಿತ್ತನೆಗಡ್ಡೆಯ ಮೂಟೆಗಳ ಲೆಕ್ಕ, ಯಾರಿಗೋ ಕೊಟ್ಟ ಸಾಲ. ಆ ಲೆಕ್ಕದ ಒಂದು ಪುಟದ ಮೇಲೆ 2006ನೇ ಇಸವಿ ಇದೆ. ಅದರ ಕೆಳಗೆ, ಬೇರೆ ಪೆನ್ನಿನಲ್ಲಿ, ಗೋಣು ಮುರಿದ ಅಕ್ಷರಗಳಲ್ಲಿ ತಾತ ಬರೆದುಕೊಂಡಿದ್ದಾರೆ: “ತೋಡಿ ಎರಡು ಇರಬಹುದು. ಮೇಡಂ ಅವರನ್ನು ಕೇಳಬೇಕು.”

ಕೇಳಿದರೋ ಇಲ್ಲವೋ, ಹೇಳುವವರು ಯಾರೂ ಉಳಿದಿಲ್ಲ. ಮುಂದಿನ ಪುಟ ಮತ್ತೆ ಆಲೂಗಡ್ಡೆಯ ಲೆಕ್ಕದಿಂದ ಶುರುವಾಗುತ್ತದೆ.